ಎರೆ ಹಿತ್ತಿಲಲ್ಲಿ ನಿಂತ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಹಿಂದೆ 4 ಗುಂಟೆ ಎರೆ ಭೂಮಿ ಇದೆ. ಬದನೆ, ಮೆಣಸಿನಕಾಯಿ, ಮೆಂತೆ, ಕೊತ್ತಂಬರಿ, ಚವಳಿಕಾಯಿಗಳನ್ನು ಅದರಲ್ಲಿ ಬೆಳೆದು, ಮನೆಗೆ ಸಾಕಾಗಿ ಉಳಿದದ್ದನ್ನು ವಾರದ ಸಂತೆಗೆ ಒಯ್ಯುತ್ತೇನೆ. ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಏನೂ ತೊಂದರೆಯಾಗುವುದಿಲ್ಲ. ಹುಬ್ಬಿ, ಉತ್ತರಿ ಮಳೆ ಜೋರಾಗಿ ಬಿದ್ದರೆ ಮಾತ್ರ ಪಾದ ಮುಳುಗುವಷ್ಟು ನೀರು ನಾಲ್ಕೈದು ದಿನ ನಿಲ್ಲುತ್ತದೆ. ಈ ಸಲ ಕೊತ್ತಂಬರಿ ಕೊಳೆಯಿತು, ಮೆಣಸಿನ ಗಿಡಗಳು ನಿಂತಲ್ಲೇ ಬಾಡಿದವು, ಬದನೆ ಹಳದಿಯಾಗಿದೆ. ಮೇಲಿನ ಹೊಲದವರು ಕಬ್ಬು ಬೆಳೆಯುತ್ತಾರೆ. ಅವರು ನೀರು ಹಾಯಿಸಿದಾಗ ಬೇಸಿಗೆಯಲ್ಲಿಯೂ ನಮ್ಮ ಬದುವಿನ ಬುಡ ತೇವವಾಗುತ್ತದೆ. ಹೋದ ವರ್ಷ 2 ಟ್ರಾಲಿ ಮರಳು ಹರಡಿಸಿದೆ. ನೆಲ ಮೊದಲಿಗಿಂತ ಗಟ್ಟಿಯಾಯಿತು. ಜಿಪ್ಸಂ ಹಾಕಿರಿ ಎಂದು ಒಬ್ಬರು, ನೆಲದೊಳಗೆ ಪೈಪು ಹೂಳಿಸಿರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: ಅರ್ಧ ಉತ್ತರವನ್ನು ನಿಮ್ಮ ಪತ್ರವೇ ಹೇಳಿದೆ. ಮುಂಗಾರಿನ ಮೊದಲ ಮಳೆಗಳನ್ನು ಸಲೀಸಾಗಿ ಕುಡಿಯುವ ನೆಲ, ಭಾದ್ರಪದದ ಮಳೆಯನ್ನು ಏಕೆ ಕುಡಿಯುವುದಿಲ್ಲ ಎಂಬುದು ಮನಸ್ಸಿಗೆ ಬಂದರೆ, ಮರಳು, ಜಿಪ್ಸಂ, ಪೈಪುಗಳಲ್ಲಿ ಯಾವುದಕ್ಕೆ ಹಣ ಹಾಕಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಎರೆಮಣ್ಣಿನಲ್ಲಿ ಜೇಡಿಯ ಅಂಶ ಸಾಮಾನ್ಯವಾಗಿ ನೂರಕ್ಕೆ 40ರಿಂದ 60ರಷ್ಟಿರುತ್ತದೆ, ಮತ್ತು ಅದರಲ್ಲಿ ಬಹುಪಾಲು ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ. ಇದರ ತೆಳುವಾದ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ಚೈತ್ರ-ವೈಶಾಖದಲ್ಲಿ ಕೈ ತೂರಿಸುವಷ್ಟು ಬಿರುಕು ಬಿಟ್ಟಿರುವ ಹಿತ್ತಿಲಿಗೆ ರೋಹಿಣಿ, ಮೃಗಶಿರಾ ಮಳೆ ಬಿದ್ದಾಗ ನೀರು ಆ ಬಿರುಕುಗಳಲ್ಲಿ ನೇರವಾಗಿ ಎರಡು ಮೂರು ಅಡಿ ಕೆಳಗಿಳಿಯುತ್ತದೆ. ನೆಲ ಎಷ್ಟೊಂದು ಕುಡಿಯಿತು ಎಂದು ನಮಗೆ ಅನ್ನಿಸುತ್ತದೆ. ಆದರೆ ಒಮ್ಮೆ ಮಣ್ಣು ಪೂರ್ತಿ ನೆನೆದು ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಮೇಲೆ ಅದೇ ನೆಲ ಗಂಟೆಗೆ 1ರಿಂದ 5 ಮಿಲಿಮೀಟರಿನಷ್ಟು ನೀರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರಿನಲ್ಲಿ, ಅಂದರೆ ನೆಲದ ಬಾಯಿ ಮುಚ್ಚಿಕೊಂಡ ಹೊತ್ತಿಗೆ ಸರಿಯಾಗಿ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. 2 ಇಂಚು, ಎಂದರೆ 50 ಮಿಲಿಮೀಟರ್ ಮಳೆ ಬಿತ್ತು, ನಿಮ್ಮ ನೆಲ ಗಂಟೆಗೆ ಒಂದೇ ಮಿಲಿಮೀಟರ್ ಕುಡಿಯುತ್ತದೆ ಎಂದು ಇಟ್ಟುಕೊಂಡರೂ ಅದಷ್ಟೂ ಇಂಗಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ನಿಮ್ಮಲ್ಲಿ ನಾಲ್ಕೈದು ದಿನ ನಿಲ್ಲುತ್ತಿದೆ. ಹಾಗಾದರೆ ನಿಮ್ಮ ಮೇಲೆ ಬಿದ್ದ ಮಳೆಯಲ್ಲದೆ ಬೇರೆಡೆಯ ನೀರೂ ನಿಮ್ಮ ಹಿತ್ತಿಲಿಗೆ ಬಂದು ಸೇರುತ್ತಿದೆ. ಆದ್ದರಿಂದ ಮಣ್ಣನ್ನು ತಿದ್ದುವ ಮೊದಲು, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂಬ ಎರಡು ಪ್ರಶ್ನೆಗಳನ್ನು ಬಗೆಹರಿಸಿಕೊಳ್ಳಿ. ಈ ಕ್ರಮವನ್ನು ತಪ್ಪಿಸಿ ಮಾಡಿದ ಯಾವ ಖರ್ಚೂ ಫಲ ಕೊಟ್ಟದ್ದನ್ನು ನಾನು ಕಂಡಿಲ್ಲ.

ಬರುವ ನೀರಿನಲ್ಲಿ ಮೊದಲನೆಯದು ಮೇಲಿನ ಹೊಲದ ಬಸಿನೀರು. ಬೇಸಿಗೆಯಲ್ಲಿಯೂ ಬದುವಿನ ಬುಡ ತೇವವಾಗುತ್ತದೆ ಎಂದು ನೀವು ಬರೆದಿರುವುದರಿಂದ ಇದರಲ್ಲಿ ಸಂಶಯವಿಲ್ಲ. ಬದುವಿಗೆ ಅಂಟಿಕೊಂಡಂತೆ ನಿಮ್ಮ ಬದಿಯಲ್ಲಿ ಒಂದೂವರೆಯಿಂದ 2 ಅಡಿ ಆಳದ ಒಂದು ತಡೆಗಾಲುವೆಯನ್ನು ಉದ್ದಕ್ಕೂ ತೋಡಿಸಿ. ಪಕ್ಕಗಳು ಕುಸಿಯದಂತೆ ಮೇಲ್ಭಾಗವನ್ನು ಅಗಲವಾಗಿಯೂ ತಳವನ್ನು ಸಲಿಕೆಯ ಅಗಲಕ್ಕೂ ಇಡಿಸಿ. ತೆಗೆದ ಮಣ್ಣನ್ನು ಕೆಳಬದಿಗೆ, ನಿಮ್ಮ ಮಡಿಗಳ ಕಡೆಗೆ ಹಾಕಬೇಕೇ ಹೊರತು ಬದುವಿನ ಮೇಲೆ ಅಲ್ಲ. ಎರಡನೆಯದು ಮನೆಯ ಮಾಳಿಗೆಯ ನೀರು. 600 ಚದರ ಅಡಿಯ ಮಾಳಿಗೆ ಒಂದು ಇಂಚು ಮಳೆಗೆ ಸುಮಾರು 1,400 ಲೀಟರ್ ನೀರು ಸುರಿಸುತ್ತದೆ. ಅದರ ಕೊಳವೆ ಹಿತ್ತಿಲಿಗೆ ಬಿದ್ದಿದ್ದರೆ ಇಂದೇ ಬೇರೆ ಕಡೆಗೆ ತಿರುಗಿಸಿ, ಇಲ್ಲವೇ ತೊಟ್ಟಿ ಕಟ್ಟಿ ಹಿಡಿದಿಡಿ. ಮೂರನೆಯದನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ, ಅದು ಬಚ್ಚಲ ನೀರು. ಬಟ್ಟೆ ತೊಳೆಯುವ ಸಾಬೂನಿನಲ್ಲಿ ಮತ್ತು ಪುಡಿಯಲ್ಲಿ ಸೋಡಿಯಂ ಇರುತ್ತದೆ. ಅದು ಜೇಡಿಯ ಕಣಗಳನ್ನು ಒಂದಕ್ಕೊಂದು ಹಿಡಿದುಕೊಳ್ಳದಂತೆ ಮಾಡಿ ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಸುವುದರಿಂದ, ವರ್ಷಗಟ್ಟಲೆ ಬಚ್ಚಲ ನೀರು ಕುಡಿದ ಎರೆ ಹಿತ್ತಿಲು ಪಕ್ಕದ ಹೊಲಕ್ಕಿಂತ ಬೇಗ ಕೆಡುತ್ತದೆ. ಆ ನೀರನ್ನು ತೆಂಗು, ಬಾಳೆಗಳಂಥ ಗಿಡಗಳ ಬುಡಕ್ಕೆ ಸರದಿಯ ಮೇಲೆ ಬಿಡುವುದು ಮೇಲು.

ಇನ್ನು ಹೋಗುವ ನೀರಿನ ವಿಷಯ. ಊರ ಗೌಂಡಿಗಳು ಅಡಿಪಾಯದ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಟ್ಯೂಬನ್ನು ಬಳಸುತ್ತಾರೆ. ಅದೇ ಟ್ಯೂಬಿನಿಂದ ಹಿತ್ತಿಲಿನ ನಾಲ್ಕೂ ಮೂಲೆಗಳನ್ನು, ಹಾಗೆಯೇ ಹತ್ತಿರದ ಹಳ್ಳ ಅಥವಾ ರಸ್ತೆ ಬದಿಯ ಗಟಾರದ ತಳವನ್ನು ಅಳೆಯಿಸಿ. 100 ಅಡಿ ಉದ್ದಕ್ಕೆ 6 ಇಂಚು ಇಳಿಜಾರು ಸಿಕ್ಕರೆ ನಿಮ್ಮ ಕೆಲಸ ಮುಕ್ಕಾಲು ಪಾಲು ಮುಗಿದಂತೆ. ತಡೆಗಾಲುವೆಯನ್ನೂ ಮಡಿಗಳ ನಡುವಿನ ಸಾಲುಗಳನ್ನೂ ಅತ್ಯಂತ ತಗ್ಗಿನ ಮೂಲೆಗೆ ಸೇರಿಸಿ, ಅಲ್ಲಿಂದ ಹೊರಗೆ ಹರಿಸಬಹುದು. ಕೆಳಗಿನ ಹೊಲದವರ ಬೆಳೆಯೊಳಗೆ ಮಾತ್ರ ನೀರು ಬಿಡಬೇಡಿ. ನಿಮಗೆ ಮೇಲಿನವರಿಂದ ಆದ ಕಷ್ಟವೇ ಅವರಿಗೆ ನಿಮ್ಮಿಂದ ಆಗುತ್ತದೆ, ಮತ್ತು ಬದುವಿನ ಜಗಳಗಳು ಹುಟ್ಟುವುದೇ ಹೀಗೆ. ಇಳಿಜಾರು ಸಿಗದಿದ್ದರೆ ತಗ್ಗಿನ ಮೂಲೆಯಲ್ಲಿ ಹೊಂಡ ತೋಡಬೇಕಾಗುತ್ತದೆ. ಒಂದು ಗುಂಟೆಗೆ 1 ಇಂಚು ಮಳೆ ಬಿದ್ದರೆ 2,570 ಲೀಟರ್. ನಿಮ್ಮ 4 ಗುಂಟೆಗೆ 2 ಇಂಚು ಬಿದ್ದರೆ 20,000 ಲೀಟರ್ ದಾಟುತ್ತದೆ. 10 ಅಡಿ ಉದ್ದ, 10 ಅಡಿ ಅಗಲ, 6 ಅಡಿ ಆಳದ ಹೊಂಡ ಸುಮಾರು 17,000 ಲೀಟರ್ ಹಿಡಿಯುವುದರಿಂದ, ಒಂದಷ್ಟು ನೆಲಕ್ಕೆ ಇಂಗುವುದನ್ನು ಬಿಟ್ಟರೆ, ಅಷ್ಟು ದೊಡ್ಡದು ನಿಮಗೆ ಸಾಲುತ್ತದೆ. ಅದೇ ನೀರು ಹಿಂಗಾರಿನಲ್ಲಿ ಮೆಂತೆ, ಗಜ್ಜರಿಗಳಿಗೆ ಉಪಯೋಗಕ್ಕೆ ಬರುತ್ತದೆ. ಹೊಂಡದ ಸುತ್ತ ಗಟ್ಟಿಯಾದ ಬೇಲಿ ಹಾಕಿಸದೆ ಒಂದು ದಿನವೂ ಬಿಡಬೇಡಿ. ಮನೆಯ ಹಿಂದೆಯೇ ಇರುವ ಹೊಂಡ, ಮಕ್ಕಳಿರುವ ಊರು.

ಈ ಎರಡೂ ಆದ ಮೇಲೆ ಉಳಿಯುವುದು, ಬೇರನ್ನು ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿ ನಿಲ್ಲಿಸುವ ಕೆಲಸ. ಜೇಡಿಯನ್ನು ಬೇಗ ಬೇಗ ಕುಡಿಯುವಂತೆ ಮಾಡಲು ನಮ್ಮಿಂದಾಗದು. ಬೆಳೆಯ ಬೇರುಗಳಿಗೆ 8-9 ಇಂಚು ಒಣನೆಲ ಕೊಡುವುದು ಆಗುತ್ತದೆ. ಹೈದರಾಬಾದ್ ಬಳಿಯ ಪಟಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ 1970ರ ದಶಕದಲ್ಲಿ ಇಂಥದ್ದೇ ಕಪ್ಪು ಮಣ್ಣಿಗಾಗಿ ಅಗಲ ಮಡಿ ಮತ್ತು ಸಾಲಿನ ಪದ್ಧತಿಯನ್ನು ರೂಪಿಸಿತು. ಹಿತ್ತಿಲಿಗೆ ಅದನ್ನು ಹೀಗೆ ಹೊಂದಿಸಿಕೊಳ್ಳಬಹುದು: ಮಡಿಯ ಅಗಲ ಮೂರೂವರೆಯಿಂದ 4 ಅಡಿ, ಅಂದರೆ ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು, ಎತ್ತರ ಒಂದು ಅಡಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕುಸಿದು 8-9 ಇಂಚಿಗೆ ನಿಲ್ಲುತ್ತದೆ, ನಡುವಿನ ಸಾಲು ಒಂದೂವರೆ ಅಡಿ. ಮಡಿಗಳು ಇಳಿಜಾರಿನ ದಿಕ್ಕಿನಲ್ಲಿಯೇ ಇರಬೇಕು, ಅಡ್ಡವಾಗಿ ಹಾಕಿದರೆ ಪ್ರತಿ ಮಡಿಯೂ ಒಂದೊಂದು ಒಡ್ಡಾಗಿ ನೀರನ್ನು ತಡೆಯುತ್ತದೆ. ಉದ್ದ 30-40 ಅಡಿಗಿಂತ ಹೆಚ್ಚಾದರೆ ಸಾಲಿನ ನಡುವೆ ಎಲ್ಲೋ ಒಂದು ಕಡೆ ತಗ್ಗು ಬಿದ್ದು ನೀರು ನಿಂತೇ ನಿಲ್ಲುತ್ತದೆ. ಮಡಿಯ ಮೇಲೆ ಎಂದಿಗೂ ಕಾಲಿಡಬಾರದು, ಕಳೆ ಕೀಳುವುದೂ ಕಾಯಿ ಹರಿಯುವುದೂ ಸಾಲಿನಲ್ಲಿ ನಿಂತೇ ಆಗಬೇಕು. ನಮ್ಮ ಸೀಮೆ ಮಳೆ ಕಡಿಮೆಯ ಸೀಮೆಯಾದ್ದರಿಂದ, ಏರುಮಡಿ ಬೇಸಿಗೆಯಲ್ಲಿ ಬೇಗ ಒಣಗುತ್ತದೆ ಎಂಬ ಅಂಜಿಕೆ ಸಹಜ. ಮಾಘ ಮಾಸದ ನಂತರ ಸಾಲುಗಳ ಕೆಳತುದಿಗೆ ಮಣ್ಣು ಕೊಟ್ಟು ಮುಚ್ಚಿ ಅದೇ ಸಾಲಿನಲ್ಲಿ ನೀರು ಹಾಯಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಹದದ್ದು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಇವೆರಡರ ನಡುವೆ ಅದು ಕೆಲಸಕ್ಕೆ ಒದಗುವ ದಿನಗಳು ಬಹಳ ಕಡಿಮೆ. 4 ಇಂಚು ಕೆಳಗಿನ ಮಣ್ಣನ್ನು ಒಂದು ಹಿಡಿ ತೆಗೆದು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಉಂಡೆ ಒಡೆದು ಪುಡಿಯಾದರೆ ಹದ ಬಂದಿದೆ. ಬೆರಳಿನ ಗುರುತು ಮಿರುಗಿ, ಮಣ್ಣು ಪಟ್ಟಿಯಂತೆ ಉದ್ದಕ್ಕೆ ಬಂದರೆ ಇನ್ನೂ ಕಾಯಬೇಕು. ಹಲವು ವರ್ಷಗಳ ಹಿಂದೆ ಸಸಿ ಬಲಿತುಹೋಗುತ್ತವೆಂದು ಆತುರಪಟ್ಟು, ಹಸಿ ಆರುವ ಮೊದಲೇ ನಮ್ಮ ತೋಟದ ಒಂದು ತುಂಡಿಗೆ ರೋಟಾವೇಟರ್ ಹೊಡೆಸಿದ್ದೆ. ಮೇಲೆ ಹೆಂಟೆ, ಕೆಳಗೆ ಗಾರೆ ಬಳಿದಂಥ ನುಣ್ಣನೆಯ ಪದರ. ಅಲ್ಲಿ ಮುಂದಿನ ಎರಡು ವರ್ಷ ಬದನೆಯ ಬೇರು 5 ಇಂಚಿನ ಕೆಳಗೆ ಇಳಿಯಲೇ ಇಲ್ಲ. ಇದನ್ನು ಇಂದಿಗೂ ಮರೆತಿಲ್ಲ. ನಿಮ್ಮ ಕಾಲುವೆ, ಮಡಿಗಳ ಕೆಲಸವನ್ನೂ ಈಗ ಕೆಸರಿನಲ್ಲಿ ಆರಂಭಿಸಬೇಡಿ. ಈ ಮಳೆಗಾಲದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ಗೂಟ ಹೊಡೆದು ಗುರುತು ಮಾಡಿಟ್ಟುಕೊಂಡು, ಕೆಲಸವನ್ನು ಹಿಂಗಾರು ಮುಗಿದ ಮೇಲೆ ಹದ ನೋಡಿ ಮಾಡಿಸಿ.

ಮಡಿ ಏರಿಸುವಾಗ ಗುಂಟೆಗೆ ಸುಮಾರು 250 ಕಿಲೋಗ್ರಾಂ ಕಳಿತ ತಿಪ್ಪೆಗೊಬ್ಬರ ಕಾಯಿಪಲ್ಲೆಗೆ ವಾಡಿಕೆಯ ಪ್ರಮಾಣ. ಮೊದಲ ಎರಡು ವರ್ಷ ಇದರ ಎರಡರಷ್ಟು ಕೊಡಲು ಸಾಧ್ಯವಾದರೆ ಕೊಡಿ. ಗೊಬ್ಬರದಲ್ಲಿ ಬದುಕುವ ಸೂಕ್ಷ್ಮಜೀವಿಗಳ ಅಂಟು ಜೇಡಿಯ ಕಣಗಳನ್ನು ಸಣ್ಣ ಸಣ್ಣ ಕಾಳುಗಳಾಗಿ ಕೂಡಿಸುತ್ತದೆ, ಮತ್ತು ಆ ಕಾಳುಗಳ ನಡುವಿನ ಸಂದುಗಳಲ್ಲಿ ಗಾಳಿ ಆಡುತ್ತದೆ, ನೀರು ಇಳಿಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅವುಗಳನ್ನು ಹರಗಿ ಮುಚ್ಚುವ ಬದಲು ಪುಡಿಗೊಬ್ಬರವನ್ನು ಆ ಬಿರುಕುಗಳಲ್ಲಿಯೇ ಸುರಿದರೆ, ಸಲಿಕೆ ಮುಟ್ಟದ ಆಳಕ್ಕೆ ಗೊಬ್ಬರ ತಾನಾಗಿಯೇ ಇಳಿಯುತ್ತದೆ. ಪ್ರತಿ ವರ್ಷ ಒಂದು ಗುಂಟೆಗೆ ಬಿಡುವು ಕೊಟ್ಟು ಹಸಿರೆಲೆ ಗೊಬ್ಬರದ ಗಿಡವಾದ ಡಯಂಚದ ಬೀಜವನ್ನು ಅರ್ಧ ಕಿಲೋಗ್ರಾಂ ಬಿತ್ತಿ, 45-50 ದಿನಕ್ಕೆ, ಹೂವಾಡುವ ಮೊದಲು, ಮಣ್ಣಿಗೆ ಸೇರಿಸಿ. ಡಯಂಚ ನಿಂತ ನೀರನ್ನೂ ಸವಳನ್ನೂ ತಾಳುವ ಗಿಡ.

ಮರಳು ನಿಮ್ಮ ನೆಲವನ್ನು ಗಟ್ಟಿ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ವಲ್ಪ ಮರಳು ಜೇಡಿಯಲ್ಲಿ ಬೆರೆತರೆ, ಮರಳಿನ ಕಣಗಳ ನಡುವಿನ ಜಾಗವನ್ನು ಜೇಡಿ ತುಂಬಿಕೊಂಡು, ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ಮರಳಿನಿಂದ ನಿಜವಾಗಿ ಗುಣ ಕಾಣಬೇಕಾದರೆ ಮಿಶ್ರಣದಲ್ಲಿ ಅದರ ಪಾಲು ಅರ್ಧಕ್ಕಿಂತ ಕಡಿಮೆ ಇರಬಾರದು. ಒಂದು ಗುಂಟೆಯ ಮೇಲಿನ 6 ಇಂಚು ಮಣ್ಣಿಗೆ ಸಮಪಾಲು ಮರಳು ಎಂದರೆ 5 ಬ್ರಾಸಿಗೂ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಹೆಚ್ಚು, 4 ಗುಂಟೆಗೆ 20 ಬ್ರಾಸಿಗೂ ಮೀರಿದ್ದು. ಆ ಹಣದಲ್ಲಿ ಹಲವು ವರ್ಷಗಳ ತಿಪ್ಪೆಗೊಬ್ಬರ ಬರುತ್ತದೆ.

ಜಿಪ್ಸಂ ಔಷಧವೇ ಹೊರತು ಎಲ್ಲ ಜೇಡಿಗೂ ಹಾಕುವ ಆಹಾರವಲ್ಲ. ಸೋಡಿಯಂ ಹೆಚ್ಚಾಗಿ ಕೆಟ್ಟ ಮಣ್ಣಿನಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಜೇಡಿಯ ಕಣಗಳಿಂದ ಬಿಡಿಸುತ್ತದೆ. ಬಿಡಿಸಿದ್ದನ್ನು ನೀರು ಹೊರಗೆ ಒಯ್ಯಬೇಕಾದ್ದರಿಂದ, ಬಸಿಗಾಲುವೆಯಿಲ್ಲದ ಕಡೆ ಜಿಪ್ಸಂ ಕೂಡ ವ್ಯರ್ಥ. ನಿಮ್ಮ ಮಣ್ಣಿಗೆ ಅದು ಬೇಕೇ ಎಂಬುದನ್ನು ಮನೆಯಲ್ಲಿಯೇ ನೋಡಬಹುದು. ಬಾರಿಹಣ್ಣಿನ ಗಾತ್ರದ ಒಣ ಹೆಂಟೆಯೊಂದನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆನೀರಿನೊಳಗೆ ಮೆಲ್ಲಗೆ ಬಿಟ್ಟು, ಅಲುಗಾಡಿಸದೆ, 2 ಗಂಟೆಯ ನಂತರ ಒಮ್ಮೆ, ಮರುದಿನ ಒಮ್ಮೆ ನೋಡಿ. ಹೆಂಟೆ ಕುಸಿದು ಪುಡಿಯಾದರೂ ನೀರು ತಿಳಿಯಾಗಿದ್ದರೆ ಜಿಪ್ಸಂ ಬೇಡ. ಹೆಂಟೆಯ ಸುತ್ತ ಹಾಲು ಕದಡಿದಂತೆ ಮಸುಕು ಹಬ್ಬಿದ್ದರೆ ಸೋಡಿಯಂ ಇದೆ ಎಂದರ್ಥ. ಆಗ ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿಯೋ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ. ರಸಸಾರ (ಪಿಎಚ್) 8.5ಕ್ಕಿಂತ ಹೆಚ್ಚು, ವಿನಿಮಯ ಸೋಡಿಯಂ, ಅಂದರೆ ಜೇಡಿಯ ಕಣಗಳಿಗೆ ಅಂಟಿಕೊಂಡ ಸೋಡಿಯಂನ ಪಾಲು, ನೂರಕ್ಕೆ 15ಕ್ಕಿಂತ ಹೆಚ್ಚು ಎಂದು ಬಂದರೆ ಮಾತ್ರ, ಅವರು ಬರೆದುಕೊಟ್ಟ ಪ್ರಮಾಣದಲ್ಲಿ ಜಿಪ್ಸಂ ಹಾಕಿ.

ತೂತಿನ ಪೈಪು ಹೂಳುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಜೇಡಿಯಲ್ಲಿ ನೀರು ಪಕ್ಕಕ್ಕೆ ಸರಿಯುವುದೇ ನಿಧಾನವಾದ್ದರಿಂದ ಪೈಪುಗಳನ್ನು ಬಹಳ ಒತ್ತೊತ್ತಾಗಿ ಹಾಕಬೇಕಾಗುತ್ತದೆ, ಸುತ್ತಲೂ ಸೋಸುವ ಹೊದಿಕೆ ಇಲ್ಲದಿದ್ದರೆ ತೂತುಗಳು ಕಟ್ಟಿಕೊಳ್ಳುತ್ತವೆ. ನಿಂತಿರುವುದು ಮೇಲಿನ ನೀರು, ಅದನ್ನು ಮೇಲಿನಿಂದಲೇ ಸಾಗಿಸಬಹುದು.

ಈಗ ನಿಂತಿರುವ ಬೆಳೆಯ ವಿಷಯ. ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿ ಚಲಿಸುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಚಲಿಸುತ್ತದೆ. ಉಸಿರುಗಟ್ಟಿದ ಬೇರು ನೀರನ್ನು ಎಳೆದುಕೊಳ್ಳಲಾರದು. ಆದ್ದರಿಂದಲೇ ನೀರಿನಲ್ಲಿ ನಿಂತ ಮೆಣಸಿನ ಗಿಡ ನೀರಿಲ್ಲದಂತೆ ಬಾಡುತ್ತದೆ. ಬದನೆ ಹಳದಿಯಾಗಿರುವುದಕ್ಕೆ ಮುಖ್ಯ ಕಾರಣ ಸಾರಜನಕದ ಕೊರತೆ, ಏಕೆಂದರೆ ಗಾಳಿಯಿಲ್ಲದ ಮಣ್ಣಿನಲ್ಲಿ ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ. ಹಾಗೆಂದು ಕೆಸರಿಗೆ ಯೂರಿಯಾ ಎರಚಬೇಡಿ, ಅದೂ ಅದೇ ದಾರಿ ಹಿಡಿಯುತ್ತದೆ. ಸಲಿಕೆಯಿಂದ ಸಾಲು ಬಿಡಿಸಿ ಮೊದಲು ನೀರು ಹೊರಹಾಕಿ. ನಂತರ 19:19:19 ಗೊಬ್ಬರವನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ತಂಪು ಹೊತ್ತಿನಲ್ಲಿ ಎಲೆಗಳ ಮೇಲೆ ಸಿಂಪಡಿಸಿ. ನೆಲ ಹದಕ್ಕೆ ಬಂದ ಮೇಲೆ ಬುಡದ ಹೆಪ್ಪನ್ನು ಕುರ್ಚಿಗೆಯಿಂದ ಸಡಿಲಿಸಿದರೆ ಬದನೆ ಚೇತರಿಸಿಕೊಳ್ಳುತ್ತದೆ. ಬುಡ ಕಪ್ಪಾಗಿರುವ ಮೆಣಸಿನ ಗಿಡಗಳನ್ನು ಕಿತ್ತು ಹಿತ್ತಿಲಿನಿಂದ ದೂರ ಸುಟ್ಟುಬಿಡಿ, ತಿಪ್ಪೆಗೆ ಹಾಕಬೇಡಿ. ಮುಂದಿನ ವರ್ಷದಿಂದ ಮೆಣಸಿನಕಾಯಿ, ಕೊತ್ತಂಬರಿ, ಚವಳಿಗಳನ್ನು ಅತ್ಯಂತ ಎತ್ತರದ ಮಡಿಗಳಿಗೂ ಬದನೆಯನ್ನು ಕೆಳಗಿನವುಗಳಿಗೂ ಹಂಚಿ. ಟೊಮ್ಯಾಟೊ ಬೆಳೆಯುವ ಆಸೆಯಿದ್ದರೆ ಬದನೆಯ ಬೇರುಗಿಡಕ್ಕೆ ಕಸಿ ಮಾಡಿದ ಸಸಿ ಕೇಳಿ ತನ್ನಿ. ಬದನೆಯ ಬೇರು ನಿಂತ ನೀರನ್ನು ಟೊಮ್ಯಾಟೊ ಬೇರಿಗಿಂತ ಹೆಚ್ಚು ತಾಳುತ್ತದೆ.

ಪ್ರಶ್ನೆ: ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದೇವೆ. ಹಿಂದೆ 20 ಅಡಿ ಉದ್ದ, 12 ಅಡಿ ಅಗಲದ ಜಾಗವಿದೆ. ಎರೆಮಣ್ಣು ಬೇಡವೆಂದು 2 ಅಡಿ ಆಳ ತೆಗೆಸಿ, ತಳಕ್ಕೆ ಜಲ್ಲಿಕಲ್ಲು ಹಾಕಿ, ಮೇಲೆ ಮಸಾರಿ ಮಣ್ಣು ಮತ್ತು ಗೊಬ್ಬರ ತುಂಬಿಸಿದೆವು. ಎರಡು ಮಳೆಗೆ ಅದರಲ್ಲಿ ನೀರು ನಿಂತು ಈಗ ಕೆಟ್ಟ ವಾಸನೆ ಬರುತ್ತಿದೆ. ಪಾಲಕ ಮತ್ತು ರಾಜಗಿರಿ ಹುಟ್ಟಿ ಸತ್ತವು. ಜಲ್ಲಿ ಇನ್ನೂ ಹೆಚ್ಚು ಹಾಕಬೇಕಿತ್ತೇ?
— ಓದುಗರೊಬ್ಬರು, ವಿಜಯಪುರ ನಗರ

ಉತ್ತರ: ಜಲ್ಲಿ ಹೆಚ್ಚು ಹಾಕಿದ್ದರೂ ಹೀಗೆಯೇ ಆಗುತ್ತಿತ್ತು. ಎರೆ ನೆಲದಲ್ಲಿ ಗುಂಡಿ ತೋಡಿ ಅದರಲ್ಲಿ ಸಡಿಲ ಮಣ್ಣು ತುಂಬಿದಾಗ, ಸುತ್ತಲಿನ ಗಟ್ಟಿ ಜೇಡಿ ಬಾನಿಯಂತೆ ನಿಲ್ಲುತ್ತದೆ. ಹಿತ್ತಿಲಿನ ನೀರೆಲ್ಲ ಸುಲಭವಾದ ದಾರಿ ಹುಡುಕಿ ಆ ಸಡಿಲ ಮಣ್ಣಿಗೇ ಬಂದು ಸೇರುತ್ತದೆ, ಹೊರಗೆ ಹೋಗಲು ಮಾತ್ರ ದಾರಿಯಿಲ್ಲ. ಜಲ್ಲಿಯಿಂದ ನೀರು ಬಸಿಯುತ್ತದೆ ಎಂಬ ನಂಬಿಕೆ ಹೂಕುಂಡಗಳಿಂದ ಹಿಡಿದು ಎಲ್ಲ ಕಡೆ ಬೇರೂರಿದೆ. ನುಣುಪು ಮಣ್ಣಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಕೆಳಗೆ ದೊಡ್ಡ ಸಂದುಗಳ ಜಲ್ಲಿ ಇದ್ದರೆ, ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬಿಕೊಳ್ಳುವವರೆಗೂ ನೀರು ಅದರೊಳಗೆ ಇಳಿಯುವುದಿಲ್ಲ. ಹೀಗಾಗಿ ಜಲ್ಲಿಯ ಪದರ ನೀರಿನ ಮಟ್ಟವನ್ನು ಬೇರಿನ ಹತ್ತಿರಕ್ಕೆ ಎತ್ತಿ ಕೊಡುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಗಾಳಿಯಿಲ್ಲದ ಮಣ್ಣಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ನದು, ಮತ್ತು ಅದು ಬೇರಿಗೆ ವಿಷ.

ಗುಂಡಿಯ ಮಣ್ಣನ್ನು ತೆಗೆಸಿ ಒಂದು ಕಡೆ ಹರಡಿ ಗಾಳಿಗೆ ಆರಲು ಬಿಡಿ, ಮಣ್ಣು ಕೆಟ್ಟಿಲ್ಲ. ಮನೆ ಕಟ್ಟುವಾಗ ಲಾರಿ, ಟ್ರ್ಯಾಕ್ಟರುಗಳು ಓಡಾಡಿದ ಜಾಗದಲ್ಲಿ ಒಂದೆರಡು ಅಡಿ ಕೆಳಗೆ ದಮ್ಮಸು ಹಾಕಿದಂಥ ಪದರ ಇರುವುದು ಸಾಮಾನ್ಯ. ತಳವನ್ನು ಹಾರೆಯಿಂದ ಕುತ್ತಿ ನೋಡಿ, ಹಾರೆ ಪುಟಿದು ಬಂದರೆ ಹದವಾದ ದಿನ ಆ ಪದರವನ್ನು ಒಡೆಸಿ. ಸಿಮೆಂಟು, ಸುಣ್ಣದ ಚೂರುಗಳು ಸಿಕ್ಕರೆ ಆರಿಸಿ ಹೊರಹಾಕಿ, ಏಕೆಂದರೆ ನಮ್ಮ ಎರೆ ಮೊದಲೇ ಕ್ಷಾರದ ಕಡೆಗೆ ವಾಲಿದ ಮಣ್ಣು. ನಂತರ ಗುಂಡಿಯನ್ನು ತೆಗೆದ ಎರೆಮಣ್ಣಿನಿಂದಲೇ ಮುಚ್ಚಿ ನೆಲಮಟ್ಟಕ್ಕಿಂತ ತುಸು ಉಬ್ಬಾಗಿ ಮಾಡಿ. ನಿಮ್ಮ ಮಸಾರಿ ಮಣ್ಣು ಮತ್ತು ಗೊಬ್ಬರ ಅದರ ಮೇಲೆ ಬರಬೇಕು: ಪರಸಿ ಕಲ್ಲುಗಳನ್ನು ನಿಲ್ಲಿಸಿ ಒಂದೂವರೆ ಅಡಿ ಎತ್ತರದ ಕಟ್ಟೆಮಡಿ ಕಟ್ಟಿಸಿ, ಎರಡು ಪಾಲು ಮಣ್ಣಿಗೆ ಒಂದು ಪಾಲು ಕಳಿತ ಗೊಬ್ಬರ ಬೆರೆಸಿ ತುಂಬಿಸಿ. ಕಲ್ಲುಗಳ ಕೆಳಸಂದಿಗೆ ಗಾರೆ ಹಾಕಿಸದೆ ಬಿಟ್ಟರೆ ನೀರು ಅಲ್ಲಿಂದ ಹೊರಬೀಳುತ್ತದೆ. ಕಂಪೌಂಡಿನ ಗೋಡೆಗೆ ತಾಗಿಸದೆ ಒಂದು ಅಡಿ ಸಂದು ಬಿಡುವುದು ಗೋಡೆಗೂ ಒಳ್ಳೆಯದು.

ಪ್ರಶ್ನೆ: ನಮ್ಮ ಹೊಲ ಮಲಪ್ರಭಾ ಕಾಲುವೆಯ ಕೆಳಗಿದೆ. ಉಳ್ಳಾಗಡ್ಡಿ, ಗಜ್ಜರಿ ಬೆಳೆಯುತ್ತಿದ್ದ ಮೂಲೆಯಲ್ಲಿ ನಾಲ್ಕು ವರ್ಷಗಳಿಂದ ಮಳೆಯಿಲ್ಲದಾಗಲೂ ತೇವ ಇರುತ್ತದೆ, ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಕಾಣಿಸುತ್ತದೆ. ಏರುಮಡಿ ಮಾಡಿದರೂ ಸಸಿಗಳು ನಡುಮಡಿಯಲ್ಲಿಯೇ ಸುಟ್ಟಂತಾಗುತ್ತವೆ.
— ಓದುಗರೊಬ್ಬರು, ರಾಮದುರ್ಗ ತಾಲ್ಲೂಕು, ಬೆಳಗಾವಿ ಜಿಲ್ಲೆ

ಉತ್ತರ: ನಿಮ್ಮದು ಮೇಲಿನಿಂದ ನಿಂತ ನೀರಲ್ಲ, ಕೆಳಗಿನಿಂದ ಏರಿದ ನೀರು. ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳಿಂದ ಇಂಗಿದ ನೀರು, ಜೊತೆಗೆ ಹೊಲಗಳಿಗೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಹಾಯಿಸಿದ ನೀರು ಎರೆಯ ಕೆಳಗೆ ಸೇರಿ ಅಂತರ್ಜಲವನ್ನು ಏರಿಸಿರುತ್ತದೆ. 6 ಅಡಿ ಆಳಕ್ಕೆ ಒಂದು ತೂತು ಕೊರೆದು, ತೂತುಗಳಿರುವ ಪೈಪು ಇಳಿಸಿ, ಪ್ರತಿ ಹುಣ್ಣಿಮೆಗೆ ಒಮ್ಮೆ ಕೋಲು ಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಬರೆದಿಡಿ. ಅದು 5 ಅಡಿಗಿಂತ ಮೇಲೆ ಬಂದರೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಜೇಡಿಯ ಸಂದುಗಳಲ್ಲಿ ನೀರು ಮೇಲಕ್ಕೇರಿ, ಬಿಸಿಲಿಗೆ ಆವಿಯಾಗಿ, ತಂದ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಏರುಮಡಿಯಲ್ಲಿ ಈ ಉಪ್ಪು ಸೇರುವುದು ಮಡಿಯ ನೆತ್ತಿಗೆ. ನಿಮ್ಮ ಸಸಿಗಳು ನಡುವೆಯೇ ಸುಡುತ್ತಿರುವುದು ಇದರಿಂದ. ಸಸಿಗಳನ್ನು ನೆತ್ತಿಯಲ್ಲಿ ನೆಡದೆ ಮಡಿಯ ಭುಜದಲ್ಲಿ, ಸಾಲಿನ ನೀರು ತಾಕುವ ಮಟ್ಟಕ್ಕಿಂತ ಸ್ವಲ್ಪ ಮೇಲೆ ನೆಟ್ಟರೆ ಈ ವರ್ಷವೇ ವ್ಯತ್ಯಾಸ ಕಾಣುತ್ತದೆ.

ಮಣ್ಣು ಪರೀಕ್ಷೆಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ಉಪ್ಪು ಎಷ್ಟಿದೆ ಎಂದು ತಿಳಿಸುವ ವಿದ್ಯುತ್ ವಾಹಕತೆಯನ್ನು ಪೂರ್ತಿ ತೊಯ್ದ ಮಣ್ಣಿನ ರಸದಲ್ಲಿ ಅಳೆಯಲು ಕೋರಿ, ಏಕೆಂದರೆ ಹೆಚ್ಚು ನೀರು ಬೆರೆಸಿ ಅಳೆದ ಅಂಕಿ ಕಡಿಮೆಯಾಗಿ ಕಾಣುತ್ತದೆ. ಮಣ್ಣಿನ ರಸದಲ್ಲಿ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು, ಅಂದರೆ ಉಪ್ಪು ಹೆಚ್ಚಿದ ಮಣ್ಣು. ನೀವು ಬೆಳೆಯುತ್ತಿದ್ದ ಗಜ್ಜರಿಗೆ 1ರಲ್ಲಿಯೇ, ಉಳ್ಳಾಗಡ್ಡಿಗೆ 1.2ರಲ್ಲಿಯೇ ಇಳುವರಿ ಇಳಿಯತೊಡಗುತ್ತದೆ. ಮೆಣಸಿನಕಾಯಿಗೆ ಆ ಮಿತಿ 1.5, ಟೊಮ್ಯಾಟೊಗೆ 2.5, ಬೀಟ್‌ರೂಟಿಗೆ 4. ಆದ್ದರಿಂದ ಆ ಮೂಲೆಗೆ ಸದ್ಯಕ್ಕೆ ಬೀಟ್‌ರೂಟ್ ಸೂಕ್ತ. ಕಾಲುವೆಯ ಬದಿಯಿಂದ ಬರುವ ಬಸಿಯನ್ನು ಹಿಡಿಯಲು 4-5 ಅಡಿ ಆಳದ ತಡೆಗಾಲುವೆ ಬೇಕು. ಅದು ಹಳ್ಳ ಸೇರುವವರೆಗೆ ಹಲವರ ಹೊಲ ದಾಟಬೇಕಾಗುವುದರಿಂದ ಒಬ್ಬರ ಕೆಲಸವಲ್ಲ. ಅಕ್ಕಪಕ್ಕದ ನಾಲ್ಕೈದು ಹೊಲದವರು ಸೇರಿ, ನಿಮ್ಮ ಹುಣ್ಣಿಮೆಯ ಅಳತೆಗಳ ಪುಸ್ತಕವನ್ನು ಕೈಯಲ್ಲಿ ಹಿಡಿದು ನೀರು ಬಳಕೆದಾರರ ಸಂಘದ ಮುಂದೆ ವಿಷಯ ಇಡಿ. ನೆಲದೊಳಗೆ ಪೈಪು ಹೂಳುವ ಪದ್ಧತಿ ನಿಜವಾಗಿ ಬೇಕಾಗುವುದು ನಿಮ್ಮಂಥ ಕಡೆ, ಮತ್ತು ಅದು ಕೂಡ ಹಲವು ಎಕರೆಗೆ ಒಟ್ಟಿಗೆ ಆಗಬೇಕಾದ ಕೆಲಸ.

ಪ್ರಶ್ನೆ: ನೀರು ನಿಲ್ಲುವ ಕಾಯಿಪಲ್ಲೆ ಹೊಲದ ಬದುವಿಗೆ ನೀಲಗಿರಿ ಹಚ್ಚಿದರೆ ನೀರು ಹೀರಿಕೊಳ್ಳುತ್ತದೆಯೇ?
— ಓದುಗರೊಬ್ಬರು, ಚಿಕ್ಕೋಡಿ

ಉತ್ತರ: ದೊಡ್ಡ ಕಾಲುವೆಗಳ ದಂಡೆಯಲ್ಲಿ ಸಾಲಾಗಿ ನೆಟ್ಟ ನೀಲಗಿರಿ ಬಸಿನೀರನ್ನು ಎಳೆದುಕೊಂಡು ಅಂತರ್ಜಲವನ್ನು ತಗ್ಗಿಸುವುದು ನಿಜ. ಆದರೆ ಮಳೆ ಬಿದ್ದು ಮೂರು ದಿನದಲ್ಲಿ ಮೆಂತೆ ಕೊಳೆಯುವಾಗ ಮರ ಅಷ್ಟು ಬೇಗ ಕುಡಿಯಲಾರದು, ಬೇಸಿಗೆಯಲ್ಲಿ ಮಾತ್ರ ನಿಮ್ಮ ಮಡಿಗಳ ಹಸಿಯನ್ನೂ ಗೊಬ್ಬರವನ್ನೂ ಬಿಡದೆ ಎಳೆಯುತ್ತದೆ, ನೆರಳೂ ಬೀಳುತ್ತದೆ. ಬದುವಿಗೆ ಏನಾದರೂ ಹಚ್ಚಲೇಬೇಕೆಂದಿದ್ದರೆ ಲಾವಂಚ ಹಚ್ಚಿ. ಅದರ ಬೇರು ಪಕ್ಕಕ್ಕೆ ಹಬ್ಬದೆ ನೇರವಾಗಿ ಆಳಕ್ಕಿಳಿಯುತ್ತದೆ, ಕಾಲುವೆಯ ದಂಡೆ ಕುಸಿಯದಂತೆ ಹಿಡಿಯುತ್ತದೆ. ಮಳೆಗಾಲದ ಆರಂಭದಲ್ಲಿ ಬುಡಗಳನ್ನು ಬಿಡಿಸಿ, ಸುಮಾರು ಅರ್ಧ ಅಡಿಗೊಂದರಂತೆ ಊರಬೇಕು.